ಮನೆ ಕಂಪ್ಯೂಟರ್‌ಗೆ ನಂಬಬಹುದಾದ ಎಸ್‌ಎಸ್‌ಡಿ ಆರಿಸುವುದು ಹೇಗೆ

ಹಳೆಯ ವಿಡಿಯೋಗಳಿದ್ದ ಒಂದು ಫೋಲ್ಡರ್, 180 ಜಿಬಿ. ಹೊಸದಾಗಿ ಹಾಕಿದ್ದ ಎಸ್‌ಎಸ್‌ಡಿಗೆ (ತಿರುಗುವ ತಟ್ಟೆಯ ಬದಲು ಚಿಪ್‌ಗಳಲ್ಲಿ ಡೇಟಾ ಇಡುವ ಡ್ರೈವ್) ಅದನ್ನು ಕಾಪಿ ಮಾಡಲು ಕೊಟ್ಟು ಸ್ಕ್ರೀನ್ ನೋಡುತ್ತಾ ಕೂತಿದ್ದೆ. ಮೊದಲ ಒಂದೂವರೆ ನಿಮಿಷ ಸೆಕೆಂಡಿಗೆ ಹತ್ತಿರಹತ್ತಿರ 1 ಜಿಬಿ ಹೋಗುತ್ತಿತ್ತು. ಅರ್ಧ ಮುಗಿಯುವ ಹೊತ್ತಿಗೆ ಆ ಹಸಿರು ಗ್ರಾಫ್ ಒಮ್ಮೆಲೇ ಕೆಳಗೆ ಬಿತ್ತು. 900 ಎಂಬಿ ಇದ್ದದ್ದು 80ಕ್ಕೆ ಇಳಿಯಿತು. ಉಳಿದರ್ಧಕ್ಕೆ ಇಪ್ಪತ್ತು ನಿಮಿಷ ಹಿಡಿಯಿತು. ಡಬ್ಬಿ ಮೇಲೆ ಬರೆದಿದ್ದದ್ದು ಮಾತ್ರ ಸೆಕೆಂಡಿಗೆ 3,500 ಎಂಬಿ.

ಡ್ರೈವ್ ಕೆಟ್ಟಿದೆ ಅಂದುಕೊಂಡೆ. ಕೆಟ್ಟಿರಲಿಲ್ಲ, ಅದರ ಸ್ವಭಾವವೇ ಅಷ್ಟು. ಕೆಟ್ಟದ್ದು ಹದಿನಾಲ್ಕು ತಿಂಗಳ ನಂತರ. ಒಂದು ದಿನ ಬೆಳಿಗ್ಗೆ ಕಂಪ್ಯೂಟರ್ ಆನ್ ಮಾಡಿದರೆ ಬಯಾಸ್‌ನಲ್ಲಿ (ವಿಂಡೋಸ್‌ಗೂ ಮುಂಚೆ ಏಳುವ ಮದರ್‌ಬೋರ್ಡ್‌ನ ತಂತ್ರಾಂಶ) ಡ್ರೈವ್‌ನ ಹೆಸರೇ ಇಲ್ಲ. ಹಿಂದಿನ ರಾತ್ರಿವರೆಗೂ ಚೆನ್ನಾಗೇ ಇತ್ತು. ಹಾರ್ಡ್ ಡಿಸ್ಕ್ ಆದರೆ ಎಷ್ಟೋ ಸಲ ಟಕ್ ಟಕ್ ಅಂತ ಸದ್ದು ಮಾಡಿ, ನಿಧಾನ ಆಗಿ, ಒಂದಷ್ಟು ಮುನ್ಸೂಚನೆ ಕೊಡುತ್ತದೆ. ಎಸ್‌ಎಸ್‌ಡಿ ಬಹಳ ಸಲ ಏನೂ ಹೇಳದೆ ಹೋಗಿಬಿಡುತ್ತದೆ.

ಅವತ್ತಿನಿಂದ ನಾನು ಡಬ್ಬಿ ಮೇಲಿನ ದಪ್ಪ ಅಕ್ಷರ ನೋಡುವುದನ್ನು ಬಿಟ್ಟೆ. ದಪ್ಪ ಅಕ್ಷರದಲ್ಲಿ ಇರುವುದು ಸ್ಪೀಡ್. ಡ್ರೈವ್ ಎಷ್ಟು ಬಾಳುತ್ತದೆ, ಒತ್ತಡ ಬಿದ್ದಾಗ ಹೇಗೆ ನಡೆದುಕೊಳ್ಳುತ್ತದೆ ಅನ್ನುವುದೆಲ್ಲ ಕಂಪನಿಯ ಡೇಟಾಶೀಟ್‌ನ (ತಾಂತ್ರಿಕ ವಿವರಗಳ ಪಟ್ಟಿ) ಸಣ್ಣ ಅಕ್ಷರದಲ್ಲಿ ಇರುತ್ತದೆ, ಕೆಲವು ಸಲ ಅಲ್ಲೂ ಇರುವುದಿಲ್ಲ. ಅದನ್ನು ಹೇಗೆ ಹುಡುಕಿ ಓದುವುದು, ಮನೆಗೆ ತಂದ ಮೇಲೆ ಏನೇನು ಪರೀಕ್ಷೆ ಮಾಡುವುದು ಅಂತ ಒಂದೊಂದಾಗಿ ಹೇಳುತ್ತೇನೆ.

ಮೊದಲು ನಿಮ್ಮ ಕಂಪ್ಯೂಟರ್ ಬಿಚ್ಚಿ ನೋಡಿ

ಡ್ರೈವ್ ಹುಡುಕುವ ಮುಂಚೆ ಅದು ಎಲ್ಲಿ ಕೂರುತ್ತದೆ ಅನ್ನುವುದು ಗೊತ್ತಿರಬೇಕು. ಮನೆ ಕಂಪ್ಯೂಟರ್‌ಗಳಲ್ಲಿ ಸಿಗುವುದು ಮುಖ್ಯವಾಗಿ ಎರಡು ಆಕಾರ. ಒಂದು, 2.5 ಇಂಚಿನ ಚಪ್ಪಟೆ ಪೆಟ್ಟಿಗೆಯಂಥದ್ದು. ಅದಕ್ಕೆ ಸಾಟಾ ಕೇಬಲ್ ಬೇಕು, ಪವರ್ ಕೇಬಲ್ ಬೇರೆ. ಇನ್ನೊಂದು ಎಂ.2, ಚೂಯಿಂಗ್ ಗಮ್ ಪಟ್ಟಿಯಷ್ಟಿರುವ ಬೋರ್ಡ್, ನೇರವಾಗಿ ಮದರ್‌ಬೋರ್ಡ್‌ನ ಸ್ಲಾಟಿಗೆ ಹೋಗುತ್ತದೆ.

ಎಲ್ಲರೂ ಎಡವುವುದು ಇಲ್ಲೇ. ಎಂ.2 ಅಂದರೆ ಬರೀ ಆಕಾರ. ಒಳಗಡೆ ಅದು ಸಾಟಾ ಆಗಿರಬಹುದು, ಎನ್‌ವಿಎಂಇ ಆಗಿರಬಹುದು. ಡ್ರೈವ್ ಕಂಪ್ಯೂಟರ್ ಜೊತೆ ಮಾತಾಡುವ ಎರಡು ವಿಧಾನ ಇವು, ಸಾಟಾ ಹಳೆಯದು, ಎನ್‌ವಿಎಂಇ ಹೊಸದು. ಸಾಟಾ ಆದರೆ ಸೆಕೆಂಡಿಗೆ ಹೆಚ್ಚೆಂದರೆ 550 ಎಂಬಿ. ಎನ್‌ವಿಎಂಇ ಆದರೆ ಅದು ಬಳಸುವ ಪಿಸಿಐಇ ಅನ್ನುವ ಮದರ್‌ಬೋರ್ಡ್ ದಾರಿಯ ಮೂರನೇ ತಲೆಮಾರಿನಲ್ಲಿ 3,500, ನಾಲ್ಕನೆಯದರಲ್ಲಿ 7,000 ಎಂಬಿ ಆಸುಪಾಸು, ಐದನೆಯದರಲ್ಲಿ 10,000ಕ್ಕೂ ಮೇಲೆ. ಕೆಲವು ಸ್ಲಾಟ್‌ಗಳು ಎರಡನ್ನೂ ಒಪ್ಪುತ್ತವೆ, ಕೆಲವು ಒಂದನ್ನು ಮಾತ್ರ. ತಪ್ಪಾದದ್ದನ್ನು ಹಾಕಿದರೆ ಸ್ಲಾಟಿನಲ್ಲಿ ಚೆನ್ನಾಗಿ ಕೂತರೂ ಕಂಪ್ಯೂಟರ್‌ಗೆ ಕಾಣಿಸುವುದೇ ಇಲ್ಲ. ಡ್ರೈವ್‌ನ ತುದಿಯಲ್ಲಿ ಚಿನ್ನದ ಬಣ್ಣದ ಹಲ್ಲುಗಳ ನಡುವೆ ಒಂದೇ ಕಚ್ಚು ಇದ್ದರೆ ಅದು ಬಹುತೇಕ ಎನ್‌ವಿಎಂಇ, ಎರಡು ಕಚ್ಚು ಇದ್ದರೆ ಹೆಚ್ಚಾಗಿ ಸಾಟಾ. ಆದರೆ ಕಚ್ಚು ನೋಡಿ ತೀರ್ಮಾನಕ್ಕೆ ಬರಬೇಡಿ. ಮದರ್‌ಬೋರ್ಡ್ ಅಥವಾ ಲ್ಯಾಪ್‌ಟಾಪ್‌ನ ಮಾಡೆಲ್ ನಂಬರ್ ಬರೆದುಕೊಂಡು ಅದರ ಕೈಪಿಡಿ ತೆಗೆದು ಓದಿ. ಎರಡನೇ ಎಂ.2 ಸ್ಲಾಟ್ ತುಂಬಿದರೆ ಒಂದೆರಡು ಸಾಟಾ ಪೋರ್ಟ್ ಆಫ್ ಆಗುತ್ತವೆ ಅನ್ನುವಂಥ ವಿಷಯಗಳೂ ಅಲ್ಲೇ ಇರುತ್ತವೆ.

ಉದ್ದವನ್ನೂ ನೋಡಿಕೊಳ್ಳಿ. 2280 ಅಂದರೆ 22 ಮಿಲಿಮೀಟರ್ ಅಗಲ, 80 ಮಿಲಿಮೀಟರ್ ಉದ್ದ. ಡೆಸ್ಕ್‌ಟಾಪ್‌ಗಳಲ್ಲಿ ಸಾಮಾನ್ಯವಾಗಿ ಇದೇ. ಕೆಲವು ತೆಳು ಲ್ಯಾಪ್‌ಟಾಪ್‌ಗಳಲ್ಲಿ 2242 ಅಥವಾ 2230 ಇರುತ್ತದೆ. ಇನ್ನು ಕೆಲವದರಲ್ಲಿ ಜಾಗ ಎಷ್ಟು ಕಮ್ಮಿ ಅಂದರೆ ಎರಡೂ ಬದಿಗೆ ಚಿಪ್ ಇರುವ ಡ್ರೈವ್ ಹಿಡಿಸುವುದೇ ಇಲ್ಲ.

ಹತ್ತು ವರ್ಷಕ್ಕಿಂತ ಹಳೆಯ ಕಂಪ್ಯೂಟರ್ ಆದರೆ ಸುಮ್ನೆ 2.5 ಇಂಚಿನ ಸಾಟಾ ಡ್ರೈವ್ ತಗೊಳ್ಳಿ. ಅಡಾಪ್ಟರ್ ಹಾಕಿ ಎನ್‌ವಿಎಂಇ ಕೂರಿಸಬಹುದು ನಿಜ, ಆದರೆ ಹಳೆಯ ಬಯಾಸ್ ಅದರಿಂದ ಬೂಟ್ ಮಾಡಲು ಒಪ್ಪದೇ ಇರಬಹುದು. ಸಾಟಾ ಅಂತ ಬೇಜಾರು ಮಾಡಿಕೊಳ್ಳಬೇಕಿಲ್ಲ. ಹಾರ್ಡ್ ಡಿಸ್ಕ್‌ನಲ್ಲಿ ಒಂದು ಫೈಲಿನ ಜಾಗ ಹುಡುಕಲು ಸುಮಾರು 10 ಮಿಲಿಸೆಕೆಂಡ್ ಬೇಕಾದರೆ ಯಾವುದೇ ಎಸ್‌ಎಸ್‌ಡಿಗೆ ಅದರ ನೂರನೇ ಒಂದು ಭಾಗ ಸಾಕು. ಕಂಪ್ಯೂಟರ್‌ಗೆ ಜೀವ ಬಂದಂತೆ ಅನಿಸುವುದು ಈ ವ್ಯತ್ಯಾಸದಿಂದಲೇ. ಮೂರನೇ ತಲೆಮಾರಿನ ಎನ್‌ವಿಎಂಇಗೂ ನಾಲ್ಕನೆಯದಕ್ಕೂ ಬ್ರೌಸರ್ ತೆರೆಯುವಾಗ, ದಿನದ ಕೆಲಸ ಮಾಡುವಾಗ ವ್ಯತ್ಯಾಸ ಹುಡುಕಿದರೂ ಕಷ್ಟದಲ್ಲಿ ಸಿಗುತ್ತದೆ. ಐದನೇ ತಲೆಮಾರಿನವು ಜೋರಾಗಿ ಬಿಸಿಯಾಗುತ್ತವೆ, ಬಿಸಿ ಹೀರಿ ಹೊರಬಿಡುವ ಲೋಹದ ಪಟ್ಟಿ, ಹೀಟ್‌ಸಿಂಕ್, ಬೇಕೇ ಬೇಕು. ಮನೆ ಕೆಲಸಕ್ಕೆ ಅದು ಬೇಡ ಅನ್ನುವುದು ನನ್ನ ಅಭಿಪ್ರಾಯ.

ಎಷ್ಟು ಜಾಗ ಬೇಕು

ಈಗ ಬಳಸುತ್ತಿರುವ ಜಾಗದ ಎರಡರಷ್ಟು. ಇದಕ್ಕಿಂತ ಸರಳ ಲೆಕ್ಕ ನನಗೆ ಗೊತ್ತಿಲ್ಲ. ಎಸ್‌ಎಸ್‌ಡಿ ಪೂರ್ತಿ ತುಂಬಿದಷ್ಟೂ ಅದಕ್ಕೆ ಒಳಗಡೆ ಡೇಟಾ ಸರಿದಾಡಿಸಿ ಖಾಲಿ ಬ್ಲಾಕ್ ಹೊಂದಿಸುವ ಕೆಲಸ ಜಾಸ್ತಿಯಾಗುತ್ತದೆ, ಸ್ಪೀಡ್ ಬೀಳುತ್ತದೆ, ಸವೆತವೂ ಜಾಸ್ತಿ. 15ರಿಂದ 20 ಪರ್ಸೆಂಟ್ ಯಾವಾಗಲೂ ಖಾಲಿ ಇರಲಿ. ಇನ್ನೊಂದು ವಿಷಯ, ಒಂದೇ ಮಾಡೆಲ್‌ನಲ್ಲಿ 1 ಟಿಬಿಯದ್ದರ ಬರಹದ ಮಿತಿ (ಒಟ್ಟು ಎಷ್ಟು ಡೇಟಾ ಬರೆಯಬಹುದು ಅನ್ನುವ ಲೆಕ್ಕ) ಸಾಮಾನ್ಯವಾಗಿ 500 ಜಿಬಿಯದ್ದರ ಎರಡರಷ್ಟು ಇರುತ್ತದೆ. ಚಿಪ್ ಜಾಸ್ತಿ ಇರುವುದರಿಂದ ಸವೆತ ಹಂಚಿಹೋಗುತ್ತದೆ.

1 ಟಿಬಿ ಡ್ರೈವ್ ವಿಂಡೋಸ್‌ನಲ್ಲಿ 931 ಜಿಬಿ ಅಂತ ಕಂಡರೆ ಮೋಸ ಹೋದೆ ಅಂದುಕೊಳ್ಳಬೇಡಿ. ಕಂಪನಿ ಸಾವಿರದ ಲೆಕ್ಕದಲ್ಲಿ ಎಣಿಸುತ್ತದೆ, ವಿಂಡೋಸ್ 1,024ರ ಲೆಕ್ಕದಲ್ಲಿ.

ಒಳಗಿರುವ ಚಿಪ್ ಯಾವ ಜಾತಿಯದು

ನನ್ನ ಆ ವಿಡಿಯೋ ಫೋಲ್ಡರ್‌ಗೆ ಆದದ್ದು ಏನು ಅನ್ನುವುದು ಇಲ್ಲಿದೆ. ಎಸ್‌ಎಸ್‌ಡಿ ಒಳಗೆ ಡೇಟಾ ನಿಲ್ಲುವುದು ನ್ಯಾಂಡ್ ಫ್ಲ್ಯಾಶ್ ಚಿಪ್‌ಗಳಲ್ಲಿ. ಅದರ ಒಂದೊಂದು ಕೋಶವನ್ನೂ ಒಂದು ಪುಟ್ಟ ಗಾಜಿನ ಲೋಟ ಅಂದುಕೊಳ್ಳಿ. ನೀರಿನ ಬದಲು ಅದರಲ್ಲಿ ಎಲೆಕ್ಟ್ರಾನ್‌ಗಳು. ಲೋಟ ಖಾಲಿಯೋ ತುಂಬಿದೆಯೋ ಅಂತ ಮಾತ್ರ ನೋಡಿದರೆ ಒಂದು ಬಿಟ್ ಇಡಬಹುದು, ಅದು ಎಸ್‌ಎಲ್‌ಸಿ. ನಾಲ್ಕು ಮಟ್ಟ ಗುರುತಿಸಿದರೆ ಎರಡು ಬಿಟ್, ಎಂಎಲ್‌ಸಿ. ಎಂಟು ಮಟ್ಟವಾದರೆ ಮೂರು ಬಿಟ್, ಟಿಎಲ್‌ಸಿ. ಹದಿನಾರು ಮಟ್ಟವಾದರೆ ನಾಲ್ಕು ಬಿಟ್, ಕ್ಯೂಎಲ್‌ಸಿ. ಅದೇ ಲೋಟದಲ್ಲಿ ಹದಿನಾರು ಗೆರೆ ಎಳೆದು ಯಾವ ಗೆರೆಗೆ ನೀರಿದೆ ಅಂತ ತಪ್ಪಿಲ್ಲದೆ ಓದಬೇಕು, ಅಷ್ಟೇ ಕರಾರುವಾಕ್ಕಾಗಿ ತುಂಬಿಸಬೇಕು ಅಂದರೆ ನಿಧಾನವಾಗಲೇಬೇಕು ಅಲ್ವಾ? ಬರೆದು ಅಳಿಸಿ ಬರೆದು ಅಳಿಸಿ ಲೋಟದ ಗೋಡೆ ಸವೆದು ಎಲೆಕ್ಟ್ರಾನ್ ಸೋರಲು ಶುರುವಾದಾಗ ಎರಡು ಗೆರೆಯ ಲೋಟಕ್ಕಿಂತ ಹದಿನಾರು ಗೆರೆಯ ಲೋಟದಲ್ಲಿ ಓದು ಬೇಗ ತಪ್ಪುತ್ತದೆ. ಬಿಟ್ ಜಾಸ್ತಿಯಾದಷ್ಟೂ ಬೆಲೆ ಕಮ್ಮಿ, ಬಾಳಿಕೆಯೂ ಕಮ್ಮಿ.

ನಿಧಾನ ಕಾಣದಿರಲಿ ಅಂತ ಕಂಪನಿಗಳು ಒಂದು ಉಪಾಯ ಮಾಡುತ್ತವೆ. ಖಾಲಿ ಇರುವ ಒಂದಷ್ಟು ಕೋಶಗಳನ್ನು ಒಂದೇ ಬಿಟ್‌ನ ಲೆಕ್ಕದಲ್ಲಿ ಬಳಸಿ ಬರುವ ಡೇಟಾವನ್ನು ಅಲ್ಲಿಗೆ ಸುರಿದುಕೊಳ್ಳುತ್ತವೆ, ಆಮೇಲೆ ಬಿಡುವಾದಾಗ ಅದನ್ನು ಮೂರೋ ನಾಲ್ಕೋ ಬಿಟ್‌ಗೆ ಮಡಚಿ ಇಡುತ್ತವೆ. ಇದಕ್ಕೆ ಎಸ್‌ಎಲ್‌ಸಿ ಕ್ಯಾಶ್ ಅನ್ನುತ್ತಾರೆ. ಡಬ್ಬಿ ಮೇಲಿನ ಬರೆಯುವ ಸ್ಪೀಡ್ ಏನಿದ್ದರೂ ಈ ಕ್ಯಾಶ್ ತುಂಬುವವರೆಗೆ. ತುಂಬಿದ ಮೇಲೆ ಡ್ರೈವ್‌ನ ನಿಜವಾದ ಬಣ್ಣ ಹೊರಗೆ ಬರುತ್ತದೆ. ಒಳ್ಳೆಯ ಟಿಎಲ್‌ಸಿ ಎನ್‌ವಿಎಂಇ ಡ್ರೈವ್ ಆಗಲೂ ಸೆಕೆಂಡಿಗೆ 1 ಜಿಬಿ ಮೇಲೆ ನಿಲ್ಲಬಲ್ಲದು. ಅಗ್ಗದ ಕ್ಯೂಎಲ್‌ಸಿ ಡ್ರೈವ್ ಹಾರ್ಡ್ ಡಿಸ್ಕ್‌ಗಿಂತ ಕೆಳಗೆ ಇಳಿಯುತ್ತದೆ. ನನ್ನ ಡ್ರೈವ್‌ನ ಕ್ಯಾಶ್ 90 ಜಿಬಿಗೆ ತುಂಬಿತ್ತು, ಅಷ್ಟೇ ನಡೆದದ್ದು. ಖಾಲಿ ಜಾಗ ಕಮ್ಮಿಯಾದಂತೆ ಈ ಕ್ಯಾಶ್ ಕೂಡ ಕುಗ್ಗುತ್ತದೆ, ಹಾಗಾಗಿ ತುಂಬಿದ ಡ್ರೈವ್ ಇನ್ನೂ ಬೇಗ ಉಸಿರು ಬಿಡುತ್ತದೆ.

ವಿಂಡೋಸ್ ಇರುವ ಮುಖ್ಯ ಡ್ರೈವ್‌ಗೆ ಟಿಎಲ್‌ಸಿಯನ್ನೇ ತಗೊಳ್ಳಿ. ಒಮ್ಮೆ ಬರೆದು ಆಮೇಲೆ ಓದುವುದೇ ಜಾಸ್ತಿ ಇರುವ ಕಡೆ, ಅಂದರೆ ಗೇಮ್‌ಗಳು, ಸಿನಿಮಾಗಳು ಇಂಥದ್ದಕ್ಕೆ ಕ್ಯೂಎಲ್‌ಸಿ ತಪ್ಪೇನಲ್ಲ. ಡೇಟಾಶೀಟ್‌ನಲ್ಲಿ ಟಿಎಲ್‌ಸಿ ಅನ್ನದೆ ಬರೀ "3ಡಿ ನ್ಯಾಂಡ್" ಅಂತ ಬರೆದಿದ್ದರೆ ಅನುಮಾನ ಇಟ್ಟುಕೊಳ್ಳಿ. 3ಡಿ ಅಂದರೆ ಕೋಶಗಳನ್ನು ಮಹಡಿ ಮಹಡಿಯಾಗಿ ಪೇರಿಸಿದ್ದಾರೆ ಅಂತ ಮಾತ್ರ, ಒಂದು ಕೋಶಕ್ಕೆ ಎಷ್ಟು ಬಿಟ್ ಅನ್ನುವುದು ಅದರಿಂದ ತಿಳಿಯುವುದಿಲ್ಲ.

ಇದರ ಜೊತೆಗೇ ಡಿ-ರ‍್ಯಾಮ್ ವಿಷಯ. ಯಾವ ಫೈಲಿನ ಯಾವ ತುಂಡು ಯಾವ ಚಿಪ್‌ನಲ್ಲಿದೆ ಅನ್ನುವ ನಕ್ಷೆಯನ್ನು ಡ್ರೈವ್ ಸದಾ ಕೈಯಲ್ಲಿ ಹಿಡಿದಿರಬೇಕು. 1 ಟಿಬಿಗೆ ಈ ನಕ್ಷೆ ಸುಮಾರು 1 ಜಿಬಿ ಆಗುತ್ತದೆ. ಒಳ್ಳೆಯ ಡ್ರೈವ್‌ಗಳಲ್ಲಿ ಇದಕ್ಕೇ ಅಂತ ಪ್ರತ್ಯೇಕ ರ‍್ಯಾಮ್ ಚಿಪ್ ಇರುತ್ತದೆ. ಅಗ್ಗದವುಗಳಲ್ಲಿ ಇರುವುದಿಲ್ಲ. ಎನ್‌ವಿಎಂಇ ಆದರೆ ಕಂಪ್ಯೂಟರ್‌ನ ರ‍್ಯಾಮ್‌ನಿಂದಲೇ ಒಂದಿಷ್ಟು ಎಂಬಿ ಸಾಲ ಪಡೆಯುವ ವ್ಯವಸ್ಥೆ ಇದೆ, ಎಚ್‌ಎಂಬಿ ಅನ್ನುತ್ತಾರೆ. ದಿನದ ಬಳಕೆಗೆ ಅದು ನಡೆಯುತ್ತದೆ, ಇವತ್ತಿನ ಡಿ-ರ‍್ಯಾಮ್ ಇಲ್ಲದ ಎನ್‌ವಿಎಂಇಗಳು ನಿಜಕ್ಕೂ ಚೆನ್ನಾಗಿವೆ. ಆದರೆ ಸಾಟಾ ಡ್ರೈವ್‌ಗೆ ಈ ಸಾಲ ಸಿಗುವುದಿಲ್ಲ. ಹಾಗಾಗಿ ಸಾಟಾ ತಗೊಳ್ಳುವವರು ಡಿ-ರ‍್ಯಾಮ್ ಇರುವುದನ್ನೇ ಹುಡುಕಿ.

ಟಿಬಿಡಬ್ಲ್ಯೂ ಓದುವ ಬಗೆ

ಡೇಟಾಶೀಟ್‌ನಲ್ಲಿ ಟಿಬಿಡಬ್ಲ್ಯೂ ಅಂತ ಒಂದು ಸಾಲು ಇರುತ್ತದೆ. ವಾರಂಟಿ ಮುಗಿಯುವ ಮುಂಚೆ ಒಟ್ಟು ಎಷ್ಟು ಟೆರಾಬೈಟ್ ಬರೆಯಬಹುದು ಅನ್ನುವ ಲೆಕ್ಕ ಅದು. 1 ಟಿಬಿಯ ಟಿಎಲ್‌ಸಿ ಡ್ರೈವ್‌ಗಳಿಗೆ 600 ಸಾಮಾನ್ಯ. ಸ್ಯಾಮ್‌ಸಂಗ್ 970 ಇವೊ ಪ್ಲಸ್, 980 ಪ್ರೊ, ಡಬ್ಲ್ಯೂಡಿ ಎಸ್‌ಎನ್850ಎಕ್ಸ್ ಎಲ್ಲದಕ್ಕೂ 600. ಕ್ಯೂಎಲ್‌ಸಿಗೆ ಬನ್ನಿ, ಸ್ಯಾಮ್‌ಸಂಗ್ 870 ಕ್ಯೂವಿಒಗೆ 360, ಕ್ರೂಶಿಯಲ್ ಪಿ3ಗೆ 220.

220 ಅಂದರೆ ಬೇಗ ಸತ್ತುಹೋಗುತ್ತದಾ ಅಂತ ಹೆದರಬೇಡಿ. ನೀವೇ ಅಳೆದು ನೋಡಿ. ವಿಂಡೋಸ್‌ನಲ್ಲಿ ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಅನ್ನುವ ಉಚಿತ ತಂತ್ರಾಂಶ ಇದೆ, ಅದನ್ನು ತೆರೆದು ಈಗಿನ ಡ್ರೈವ್‌ನ "ಟೋಟಲ್ ಹೋಸ್ಟ್ ರೈಟ್ಸ್" ಎಷ್ಟಿದೆ ಅಂತ ಬರೆದಿಟ್ಟುಕೊಳ್ಳಿ, ಸರಿಯಾಗಿ ಮೂವತ್ತು ದಿನ ಬಿಟ್ಟು ಮತ್ತೆ ನೋಡಿ ಕಳೆಯಿರಿ. ನನ್ನದು 640 ಜಿಬಿ ಬಂತು. ದಿನಕ್ಕೆ 21 ಜಿಬಿ, ವರ್ಷಕ್ಕೆ 7.8 ಟಿಬಿ. ಈ ಲೆಕ್ಕದಲ್ಲಿ 220ರ ಮಿತಿ ಮುಟ್ಟಲು 28 ವರ್ಷ ಬೇಕು, 600ಕ್ಕೆ 77 ವರ್ಷ. ದಿನವೂ ವಿಡಿಯೋ ಎಡಿಟ್ ಮಾಡುವವರನ್ನು ಬಿಟ್ಟರೆ ಮನೆಯಲ್ಲಿ ಬರೆದು ಬರೆದು ಎಸ್‌ಎಸ್‌ಡಿ ಸವೆಸುವವರು ಕಮ್ಮಿ. ಡ್ರೈವ್‌ಗಳು ಹೋಗುವುದು ಕಂಟ್ರೋಲರ್ (ಡ್ರೈವ್ ನಡೆಸುವ ಮುಖ್ಯ ಚಿಪ್) ಕೈಕೊಟ್ಟೋ, ಫರ್ಮ್‌ವೇರ್ (ಡ್ರೈವ್‌ನ ಒಳಗಿನ ತಂತ್ರಾಂಶ) ದೋಷದಿಂದಲೋ, ವಿದ್ಯುತ್ ಏರುಪೇರಿನಿಂದಲೋ. ನನ್ನದು ಹೋದಾಗ ಅದರ ಮಿತಿಯ ಹತ್ತರಲ್ಲಿ ಒಂದು ಪಾಲೂ ಬರೆದಿರಲಿಲ್ಲ.

ಹಾಗಿದ್ದರೂ ಟಿಬಿಡಬ್ಲ್ಯೂ ನೋಡಿ ಅನ್ನುತ್ತೇನೆ, ಯಾಕೆಂದರೆ ಅದು ಒಳಗಿನ ಚಿಪ್‌ನ ಗುಟ್ಟು ಹೇಳುತ್ತದೆ. ಯಾವ ಜಾತಿಯ ಚಿಪ್ ಅಂತ ಕಂಪನಿ ಬರೆಯದೆ, 1 ಟಿಬಿಗೆ 200 ಚಿಲ್ಲರೆ ಟಿಬಿಡಬ್ಲ್ಯೂ ಕೊಟ್ಟಿದ್ದರೆ ಅದು ಹೆಚ್ಚುಕಮ್ಮಿ ಕ್ಯೂಎಲ್‌ಸಿ ಅಂತಲೇ ಎಣಿಸಿ. ಟಿಬಿಡಬ್ಲ್ಯೂ ಸಾಲೇ ಇಲ್ಲದಿದ್ದರೆ ಆ ಡ್ರೈವ್ ಬೇಡ.

ವಾರಂಟಿ 3 ವರ್ಷವೋ 5 ವರ್ಷವೋ ನೋಡಿ, 5 ವರ್ಷದ್ದನ್ನೇ ಆರಿಸಿ. ಟಿಬಿಡಬ್ಲ್ಯೂ, ವರ್ಷ ಎರಡರಲ್ಲಿ ಯಾವುದು ಮೊದಲು ಮುಗಿಯುತ್ತದೋ ಅಲ್ಲಿಗೆ ವಾರಂಟಿ ಮುಗಿದಂತೆ. ಎಂಟಿಬಿಎಫ್ 15 ಲಕ್ಷ ಗಂಟೆ ಅಂತ ಇನ್ನೊಂದು ಸಾಲು ಇರುತ್ತದೆ. ಲೆಕ್ಕ ಹಾಕಿದರೆ 171 ವರ್ಷ! ಒಂದು ಡ್ರೈವ್ ಅಷ್ಟು ವರ್ಷ ಬಾಳುತ್ತದೆ ಅಂತ ಅದರ ಅರ್ಥ ಅಲ್ಲವೇ ಅಲ್ಲ. ಸಾವಿರಾರು ಡ್ರೈವ್ ಒಟ್ಟಿಗೆ ಓಡುವಾಗ ವೈಫಲ್ಯ ಎಷ್ಟು ಅಪರೂಪ ಅನ್ನುವ ಅಂದಾಜು ಅದು. ಎರಡು ಡ್ರೈವ್ ಹೋಲಿಸಲು ನಾನು ಅದನ್ನು ಬಳಸುವುದಿಲ್ಲ.

ಹೆಸರು ಅದೇ, ಒಳಗಿರುವುದು ಬೇರೆ

ಇದು ನನಗೆ ತುಂಬಾ ಬೇಸರ ತರಿಸುವ ವಿಷಯ. ಒಂದು ಡ್ರೈವ್ ಮಾರುಕಟ್ಟೆಗೆ ಬಂದಾಗ ಎಲ್ಲರೂ ಪರೀಕ್ಷೆ ಮಾಡಿ ಚೆನ್ನಾಗಿದೆ ಅನ್ನುತ್ತಾರೆ. ಒಂದು ವರ್ಷ ಕಳೆದ ಮೇಲೆ ಅದೇ ಹೆಸರು, ಅದೇ ಡಬ್ಬಿಯಲ್ಲಿ ಬೇರೆ ಚಿಪ್, ಬೇರೆ ಕಂಟ್ರೋಲರ್ ಬರುತ್ತದೆ. ನೀವು ಓದಿದ ವಿಮರ್ಶೆಗೂ ಕೈಗೆ ಬಂದ ಡ್ರೈವ್‌ಗೂ ಸಂಬಂಧವೇ ಇರುವುದಿಲ್ಲ. 2021ರಲ್ಲಿ ಕ್ರೂಶಿಯಲ್ ಪಿ2 ಟಿಎಲ್‌ಸಿಯಿಂದ ಕ್ಯೂಎಲ್‌ಸಿಗೆ ಬದಲಾದದ್ದು ಹೀಗೇ. ಅದೇ ವರ್ಷ ಡಬ್ಲ್ಯೂಡಿ ಎಸ್‌ಎನ್550ರಲ್ಲಿ ಫ್ಲ್ಯಾಶ್ ಬದಲಾಗಿ ಕ್ಯಾಶ್ ತುಂಬಿದ ಮೇಲಿನ ಸ್ಪೀಡ್ ಬಿತ್ತು. ಸ್ಯಾಮ್‌ಸಂಗ್ 970 ಇವೊ ಪ್ಲಸ್‌ಗೂ ಆ ವರ್ಷವೇ ಬೇರೆ ಕಂಟ್ರೋಲರ್ ಬಂತು. ದೊಡ್ಡ ಕಂಪನಿಗಳೇ ಹೀಗೆ ಮಾಡಿರುವಾಗ ಬರೀ ಬ್ರ್ಯಾಂಡ್ ನೋಡಿ ಸುಮ್ಮನಾಗಲು ಆಗುವುದಿಲ್ಲ. ವಿಮರ್ಶೆ ಓದುವಾಗ ತಾರೀಕು ನೋಡಿ. ಕಳೆದ ಆರು ತಿಂಗಳಲ್ಲಿ ಕೊಂಡವರು ಏನು ಬರೆದಿದ್ದಾರೆ ಅಂತ ಹುಡುಕಿ. ಡೇಟಾಶೀಟ್ ಎರಡನೇ ಆವೃತ್ತಿ ಬಂದಿದೆಯಾ ಅಂತಲೂ ನೋಡಿ, ಬದಲಾವಣೆ ಕೆಲವು ಸಲ ಅಲ್ಲಿ ಸದ್ದಿಲ್ಲದೆ ಸೇರಿರುತ್ತದೆ.

ಹಾಗಾದರೆ ಬ್ರ್ಯಾಂಡ್‌ಗೆ ಬೆಲೆ ಇಲ್ವಾ? ಇದೆ. ಫ್ಲ್ಯಾಶ್ ಚಿಪ್ ತಯಾರಿಸುವವರು ಜಗತ್ತಿನಲ್ಲಿ ಬೆರಳೆಣಿಕೆಯಷ್ಟು ಮಂದಿ: ಸ್ಯಾಮ್‌ಸಂಗ್, ಎಸ್‌ಕೆ ಹೈನಿಕ್ಸ್, ಕಿಯೋಕ್ಸಿಯಾ, ಸ್ಯಾನ್‌ಡಿಸ್ಕ್, ಮೈಕ್ರಾನ್, ಚೀನಾದ ವೈಎಂಟಿಸಿ. ಉಳಿದ ನೂರಾರು ಬ್ರ್ಯಾಂಡ್‌ಗಳು ಇವರಿಂದ ಚಿಪ್ ಕೊಂಡು ಜೋಡಿಸುತ್ತವೆ. ತಾನೇ ಚಿಪ್ ಮಾಡುವ ಕಂಪನಿಗೆ ಒಳ್ಳೆಯ ಚಿಪ್ ಮೊದಲು ಸಿಗುತ್ತದೆ, ಫರ್ಮ್‌ವೇರ್ ಸರಿಪಡಿಸಲು ಜನ ಇರುತ್ತಾರೆ, ಐದು ವರ್ಷ ಆದ ಮೇಲೂ ವಾರಂಟಿ ಕೇಳಲು ಕಂಪನಿ ಇರುತ್ತದೆ. ಜೋಡಿಸುವವರಲ್ಲೂ ಒಳ್ಳೆಯವರಿದ್ದಾರೆ. ಆದರೆ ಜಾಲತಾಣದಲ್ಲಿ ಡೇಟಾಶೀಟ್ ಇಲ್ಲ, ಫರ್ಮ್‌ವೇರ್ ಪುಟ ಇಲ್ಲ, ವಾರಂಟಿಗೆ ಸಂಪರ್ಕಿಸುವ ದಾರಿ ಇಲ್ಲ ಅಂದರೆ ಎಷ್ಟೇ ಅಗ್ಗವಾದರೂ ಬಿಟ್ಟುಬಿಡಿ.

ಫರ್ಮ್‌ವೇರ್‌ಗೆ ಯಾಕಿಷ್ಟು ಒತ್ತು ಕೊಡುತ್ತೇನೆ ಅಂದರೆ, ಎಸ್‌ಎಸ್‌ಡಿ ಅನ್ನುವುದೇ ಒಂದು ಪುಟ್ಟ ಕಂಪ್ಯೂಟರ್, ಅದರ ತಂತ್ರಾಂಶ ತಪ್ಪಿದರೆ ಚಿಪ್ ಗಟ್ಟಿಯಿದ್ದೂ ಉಪಯೋಗವಿಲ್ಲ. 2019ರಲ್ಲಿ ಎಚ್‌ಪಿಇ ಕಂಪನಿ ತನ್ನ ಸರ್ವರ್‌ಗಳಲ್ಲಿದ್ದ ಕೆಲವು ಎಸ್‌ಎಸ್‌ಡಿಗಳ ಬಗ್ಗೆ ಎಚ್ಚರಿಕೆ ಹೊರಡಿಸಿತು. ಅವು ಸರಿಯಾಗಿ 32,768 ಗಂಟೆ ಓಡಿದ ಮೇಲೆ, ಅಂದರೆ 3 ವರ್ಷ 270 ದಿನ 8 ಗಂಟೆಗೆ, ಡೇಟಾ ಸಮೇತ ಸತ್ತುಹೋಗುತ್ತಿದ್ದವು. ಆ ಸಂಖ್ಯೆಯನ್ನು ನೋಡಿದರೆ ಪ್ರೋಗ್ರಾಂ ಬರೆಯುವವರಿಗೆ ತಕ್ಷಣ ಹೊಳೆಯುತ್ತದೆ: 16 ಬಿಟ್‌ನ ಎಣಿಕೆಯಲ್ಲಿ 32,767 ದಾಟಿದರೆ ಲೆಕ್ಕ ಉಕ್ಕಿಹೋಗುತ್ತದೆ. ಒಟ್ಟಿಗೆ ಹಾಕಿದ ಡ್ರೈವ್‌ಗಳೆಲ್ಲ ಒಂದೇ ಹೊತ್ತಿಗೆ ಹೋಗುವ ಅಪಾಯ. ಅದಕ್ಕೂ ಹಿಂದೆ ಕ್ರೂಶಿಯಲ್ ಎಂ4 ಅನ್ನುವ ಮನೆ ಬಳಕೆಯ ಡ್ರೈವ್ 5,184 ಗಂಟೆ ಆದ ಮೇಲೆ ಪದೇ ಪದೇ ಕೈಕೊಡುತ್ತಿತ್ತು, 2012ರ ಜನವರಿಯಲ್ಲಿ ಅದಕ್ಕೆ ಹೊಸ ಫರ್ಮ್‌ವೇರ್ ಬಂತು. ಸ್ಯಾಮ್‌ಸಂಗ್ 980 ಪ್ರೊದ 2 ಟಿಬಿ ಮಾಡೆಲ್‌ನಲ್ಲಿ ಆರೋಗ್ಯದ ಅಂಕಿ ಬೇಗ ಬೇಗ ಇಳಿದು ಡ್ರೈವ್ ಬರೆಯಲು ಬಾರದ ಸ್ಥಿತಿಗೆ ಹೋಗುತ್ತಿದ್ದದ್ದು 2023ರಲ್ಲಿ ಸುದ್ದಿಯಾಯಿತು. ಫರ್ಮ್‌ವೇರ್ ಅಪ್‌ಡೇಟ್ ಮುಂದಿನ ಹಾನಿ ತಡೆಯಿತು, ಆಗಲೇ ಹಾಳಾಗಿದ್ದನ್ನು ಸರಿಮಾಡಲಿಲ್ಲ. ದೋಷ ಎಲ್ಲರಿಗೂ ಬರುತ್ತದೆ. ದೋಷ ಒಪ್ಪಿಕೊಂಡು ಸರಿಪಡಿಸುವವರ ಡ್ರೈವ್ ತಗೊಳ್ಳಿ.

ಕೊಳ್ಳುವಾಗ

ಮನೆ ಬಳಕೆಯ ಎಂ.2 ಡ್ರೈವ್‌ಗಳು ಸಾಮಾನ್ಯವಾಗಿ 8 ಟಿಬಿವರೆಗೆ ಸಿಗುತ್ತವೆ. ಬೆರಳುದ್ದದ ಯುಎಸ್‌ಬಿ ಡ್ರೈವ್‌ಗೆ 16 ಟಿಬಿ, ಅದೂ ಚಿಲ್ಲರೆ ದುಡ್ಡಿಗೆ ಅಂತ ಎಲ್ಲಾದರೂ ಕಂಡರೆ ಅದು ನಕಲಿ. ಬಿಚ್ಚಿದರೆ ಒಳಗೆ ಒಂದು ಮೆಮೊರಿ ಕಾರ್ಡ್ ಅಂಟಿಸಿರುತ್ತಾರೆ. ಜನಪ್ರಿಯ ಬ್ರ್ಯಾಂಡ್‌ಗಳ ಸ್ಟಿಕ್ಕರ್ ಅಂಟಿಸಿದ ನಕಲಿ ಡ್ರೈವ್‌ಗಳೂ ಇವೆ, ಹಾಗಾಗಿ ಕಂಪನಿ ತನ್ನ ಜಾಲತಾಣದಲ್ಲಿ ಹೆಸರಿಸಿದ ಮಾರಾಟಗಾರರಿಂದಲೇ ಕೊಳ್ಳಿ, ಬಿಲ್ ಇಟ್ಟುಕೊಳ್ಳಿ. ಬಳಸಿದ ಎಸ್‌ಎಸ್‌ಡಿ ಮುಖ್ಯ ಡ್ರೈವ್‌ಗೆ ಬೇಡ.

ಮನೆಗೆ ಬಂದ ಮೊದಲ ದಿನ

ವಿಂಡೋಸ್ ಹಾಕುವ ಆತುರ ಬೇಡ. ಹಿಂತಿರುಗಿಸಲು ಕೊಟ್ಟಿರುವ ದಿನಗಳು ಮುಗಿಯುವುದರೊಳಗೆ ಈ ಕೆಲಸ ಮುಗಿಸಬೇಕು.

ಮೊದಲು ಡಬ್ಬಿ ಮೇಲಿನ ಸೀರಿಯಲ್ ನಂಬರ್, ಡ್ರೈವ್ ಮೇಲಿನ ಸೀರಿಯಲ್ ನಂಬರ್ ಎರಡೂ ಒಂದೇನಾ ನೋಡಿ. ಕಂಪನಿಯ ವಾರಂಟಿ ಪುಟದಲ್ಲಿ ಅದನ್ನು ಹಾಕಿ ವಾರಂಟಿ ಯಾವತ್ತಿನವರೆಗೆ ಇದೆ ಅಂತ ಖಾತ್ರಿ ಮಾಡಿಕೊಳ್ಳಿ. ಡ್ರೈವ್‌ನ ಮೇಲಿನ ಸ್ಟಿಕ್ಕರ್ ಕೀಳಬೇಡಿ, ಕಿತ್ತರೆ ವಾರಂಟಿ ಹೋಗಬಹುದು.

ಕಂಪ್ಯೂಟರ್ ಆಫ್ ಮಾಡಿ ಪ್ಲಗ್ ತೆಗೆದು, ಲೋಹದ ಕ್ಯಾಬಿನೆಟ್ ಒಮ್ಮೆ ಮುಟ್ಟಿ ಮೈಮೇಲಿನ ಸ್ಥಾಯೀ ವಿದ್ಯುತ್ ಕಳೆದುಕೊಂಡು ಡ್ರೈವ್ ಹಿಡಿಯಿರಿ. ಎಂ.2 ಆದರೆ ಓರೆಯಾಗಿ ಒಳಗೆ ತಳ್ಳಿ, ಆಮೇಲೆ ಮಲಗಿಸಿ ಸ್ಕ್ರೂ ಹಾಕಿ. ಬಿಗಿ ಜಾಸ್ತಿ ಬೇಡ. ಮದರ್‌ಬೋರ್ಡ್ ಜೊತೆ ಹೀಟ್‌ಸಿಂಕ್ ಬಂದಿದ್ದರೆ ಅದರ ಕೆಳಗಿನ ಥರ್ಮಲ್ ಪ್ಯಾಡ್‌ನ ಪ್ಲಾಸ್ಟಿಕ್ ಹಾಳೆ ತೆಗೆದು ಕೂರಿಸಿ. ಎಷ್ಟೋ ಜನ ಆ ಹಾಳೆಯನ್ನು ತೆಗೆಯದೆ ಬಿಟ್ಟು ಡ್ರೈವ್ ಯಾಕೆ ಬಿಸಿಯಾಗುತ್ತಿದೆ ಅಂತ ತಲೆಕೆಡಿಸಿಕೊಳ್ಳುತ್ತಾರೆ.

ಈಗ ಕ್ರಿಸ್ಟಲ್‌ಡಿಸ್ಕ್‌ಇನ್ಫೋ ತೆರೆಯಿರಿ. ಲಿನಕ್ಸ್ ಆದರೆ ಸ್ಮಾರ್ಟ್‌ಸಿಟಿಎಲ್. ಹೊಸ ಎನ್‌ವಿಎಂಇ ಡ್ರೈವ್‌ನಲ್ಲಿ ಹೀಗೆ ಕಾಣಬೇಕು: ಆರೋಗ್ಯ 100 ಪರ್ಸೆಂಟ್. "ಪವರ್ ಆನ್ ಅವರ್ಸ್" ಸೊನ್ನೆ ಅಥವಾ ಒಂದೆರಡು. "ಟೋಟಲ್ ಹೋಸ್ಟ್ ರೈಟ್ಸ್" ಸೊನ್ನೆ ಅಥವಾ ಕೆಲವೇ ಜಿಬಿ. "ಅವೈಲಬಲ್ ಸ್ಪೇರ್" 100. "ಮೀಡಿಯಾ ಅಂಡ್ ಡೇಟಾ ಇಂಟೆಗ್ರಿಟಿ ಎರರ್ಸ್" ಕಡ್ಡಾಯವಾಗಿ ಸೊನ್ನೆ. ಹೊಸದು ಅಂತ ಕೊಟ್ಟ ಡ್ರೈವ್‌ನಲ್ಲಿ 2,000 ಗಂಟೆ, 9 ಟಿಬಿ ಅಂತ ಕಂಡರೆ ಅದು ಬಳಸಿದ ಮಾಲು, ಅವತ್ತೇ ವಾಪಸ್ ಕಳಿಸಿ. ಈ ಪರದೆಯ ಒಂದು ಚಿತ್ರ ತೆಗೆದು ಬಿಲ್ ಜೊತೆ ಇಟ್ಟುಕೊಳ್ಳಿ, ಮುಂದೆ ಹೋಲಿಸಲು ಬೇಕಾಗುತ್ತದೆ.

ಆಮೇಲೆ ಜಾಗ ನಿಜಕ್ಕೂ ಇದೆಯಾ ಅನ್ನುವ ಪರೀಕ್ಷೆ. ಎಚ್2ಟೆಸ್ಟ್‌ಡಬ್ಲ್ಯೂ ಅನ್ನುವ ಪುಟ್ಟ ತಂತ್ರಾಂಶ ಡ್ರೈವ್ ಪೂರ್ತಿ ತುಂಬುವಂತೆ ಬರೆದು, ಮತ್ತೆ ಓದಿ ಒಂದೊಂದನ್ನೂ ತಾಳೆ ನೋಡುತ್ತದೆ. ಲಿನಕ್ಸ್, ಮ್ಯಾಕ್‌ಗೆ ಎಫ್3 ಇದೆ. 600 ಟಿಬಿಡಬ್ಲ್ಯೂನಲ್ಲಿ ಒಂದು ಟಿಬಿ ಖರ್ಚಾಗುತ್ತದೆ, ಅಷ್ಟೇ. ನಕಲಿ ಡ್ರೈವ್ ಆದರೆ ಇಲ್ಲೇ ಸಿಕ್ಕಿಬೀಳುತ್ತದೆ. ಅಸಲಿಯೇ ಆದರೂ ಕ್ಯಾಶ್ ಎಷ್ಟಕ್ಕೆ ತುಂಬುತ್ತದೆ, ಆಮೇಲೆ ಸ್ಪೀಡ್ ಎಷ್ಟಕ್ಕೆ ಇಳಿಯುತ್ತದೆ ಅನ್ನುವುದು ಕಣ್ಣಮುಂದೆ ಕಾಣುತ್ತದೆ. ನಡುನಡುವೆ ಉಷ್ಣತೆ ನೋಡುತ್ತಿರಿ. 70 ಡಿಗ್ರಿ ದಾಟಿ ನಿಂತರೆ ಗಾಳಿ ಸಾಲುತ್ತಿಲ್ಲ ಅಂತ ಅರ್ಥ.

ಕೊನೆಗೆ ಕಂಪನಿಯ ತಂತ್ರಾಂಶ ಹಾಕಿ ಫರ್ಮ್‌ವೇರ್ ಅಪ್‌ಡೇಟ್ ಮಾಡಿ. ಮುಂದೆ ಮಾಡುವುದಾದರೆ ಮೊದಲು ಬ್ಯಾಕಪ್, ಆಮೇಲೆ ಅಪ್‌ಡೇಟ್. ಈಗ ಡ್ರೈವ್ ಖಾಲಿ ಇರುವುದರಿಂದ ಆ ಚಿಂತೆ ಇಲ್ಲ.

ಆಮೇಲಿನ ದಿನಗಳು

ವಿಂಡೋಸ್ 7ರಿಂದ ಈಚೆಗೆ ಟ್ರಿಮ್ ತಾನಾಗಿಯೇ ಕೆಲಸ ಮಾಡುತ್ತದೆ, ಅಳಿಸಿದ ಜಾಗ ಯಾವುದು ಅಂತ ಡ್ರೈವ್‌ಗೆ ತಿಳಿಸುವ ವ್ಯವಸ್ಥೆ ಅದು. ಬೇರೆ ಡಿಫ್ರಾಗ್ ತಂತ್ರಾಂಶ ಹಾಕಬೇಡಿ, ಸುಮ್ನೆ ಸವೆತ. ಟ್ರಿಮ್‌ನ ಇನ್ನೊಂದು ಮುಖವೂ ಗೊತ್ತಿರಲಿ: ತಪ್ಪಿ ಅಳಿಸಿದ ಫೈಲು ಹಾರ್ಡ್ ಡಿಸ್ಕ್‌ನಲ್ಲಿ ವಾಪಸ್ ಸಿಗುತ್ತಿದ್ದಷ್ಟು ಸುಲಭವಾಗಿ ಎಸ್‌ಎಸ್‌ಡಿಯಲ್ಲಿ ಸಿಗುವುದಿಲ್ಲ, ಬಹುತೇಕ ಸಿಗುವುದೇ ಇಲ್ಲ.

ಕರೆಂಟ್ ಪದೇ ಪದೇ ಹೋಗುವ ಕಡೆ ಇದ್ದರೆ ಯುಪಿಎಸ್ ಹಾಕಿಸಿ. ಬರೆಯುತ್ತಿರುವಾಗ ಪವರ್ ಹೋದರೆ ಉಳಿದ ಕೆಲಸ ಮುಗಿಸಿಕೊಳ್ಳಲು ಸರ್ವರ್ ಡ್ರೈವ್‌ಗಳಲ್ಲಿ ಕೆಪಾಸಿಟರ್‌ಗಳ ಸಾಲೇ ಇರುತ್ತದೆ, ಮನೆ ಬಳಕೆಯವುಗಳಲ್ಲಿ ಬಹುತೇಕ ಇರುವುದಿಲ್ಲ. "ಅನ್‌ಸೇಫ್ ಶಟ್‌ಡೌನ್ಸ್" ಅನ್ನುವ ಅಂಕಿ ತಿಂಗಳು ತಿಂಗಳು ಏರುತ್ತಿದ್ದರೆ ಗಮನ ಕೊಡಿ.

ಎಸ್‌ಎಸ್‌ಡಿಗೆ ಫೋಟೋ ತುಂಬಿ ಬೀರುವಿನಲ್ಲಿಟ್ಟು ಮರೆತುಬಿಡಬೇಡಿ. ಮೆಮೊರಿ ಚಿಪ್‌ಗಳಿಗೆ ನಿಯಮ ರೂಪಿಸುವ ಜೆಡೆಕ್ ಸಂಸ್ಥೆಯ ಮಾನದಂಡದ ಪ್ರಕಾರ, ಬರಹದ ಮಿತಿ ಪೂರ್ತಿ ಮುಗಿದ ಮನೆ ಬಳಕೆಯ ಡ್ರೈವ್ ಪವರ್ ಇಲ್ಲದೆ 30 ಡಿಗ್ರಿಯಲ್ಲಿ ಒಂದು ವರ್ಷ ಡೇಟಾ ಹಿಡಿದಿಟ್ಟರೆ ಸಾಕು. ಹೊಸ ಡ್ರೈವ್ ಇನ್ನೂ ಜಾಸ್ತಿ ಹಿಡಿದಿಡುತ್ತದೆ, ಬಿಸಿಯಾದ ಜಾಗದಲ್ಲಿ ಕಮ್ಮಿ. ವರ್ಷಗಟ್ಟಲೆ ಇಡುವುದಕ್ಕೆ ಹಾರ್ಡ್ ಡಿಸ್ಕ್ ವಾಸಿ. ಇಷ್ಟೆಲ್ಲ ನೋಡಿ ತಂದ ಡ್ರೈವ್‌ಗೂ ಬ್ಯಾಕಪ್ ಬೇಕು. ಮೂರು ಪ್ರತಿ, ಎರಡು ಬೇರೆ ಬೇರೆ ಸಾಧನ, ಒಂದು ಮನೆಯಿಂದ ಹೊರಗೆ.

ಒಂದು ವಿಷಯವನ್ನು ಮೊದಲ ದಿನವೇ ಮಾಡಿಬಿಡಿ, ಡ್ರೈವ್ ಸತ್ತ ಮೇಲೆ ಆಗುವುದಿಲ್ಲ. ಡ್ರೈವ್ ಎನ್‌ಕ್ರಿಪ್ಟ್ ಮಾಡಿ, ಅಂದರೆ ಕೀ ಇಲ್ಲದೆ ಯಾರೂ ಓದಲಾಗದಂತೆ ಡೇಟಾಗೆ ಬೀಗ ಹಾಕಿ. ವಿಂಡೋಸ್ ಪ್ರೊ ಇದ್ದರೆ ಬಿಟ್‌ಲಾಕರ್, ಇಲ್ಲವಾದರೆ ವೆರಾಕ್ರಿಪ್ಟ್, ಲಿನಕ್ಸ್‌ನಲ್ಲಿ ಲಕ್ಸ್. ನನ್ನ ಡ್ರೈವ್ ಸತ್ತಾಗ ಅದು ವಾರಂಟಿಯಲ್ಲಿತ್ತು, ಕಂಪನಿ ಬೇರೆ ಕೊಡಲು ಒಪ್ಪಿತು, ಆದರೆ ಹಳೆಯದನ್ನು ಕಳಿಸಿಕೊಡಬೇಕಿತ್ತು. ಅದರಲ್ಲಿ ಮನೆಯವರೆಲ್ಲರ ಗುರುತಿನ ಪತ್ರಗಳ ಸ್ಕ್ಯಾನ್ ಇದ್ದವು, ಬ್ಯಾಂಕಿನ ಸ್ಟೇಟ್‌ಮೆಂಟ್‌ಗಳಿದ್ದವು. ಆನ್ ಆಗದ ಡ್ರೈವ್‌ನಿಂದ ಏನನ್ನೂ ಅಳಿಸಲು ಬರುವುದಿಲ್ಲ. ಎರಡು ದಿನ ಯೋಚನೆ ಮಾಡಿ ಕೊನೆಗೆ ಕಳಿಸಲೇ ಇಲ್ಲ, ಹೊಸದಕ್ಕೆ ಮತ್ತೆ ದುಡ್ಡು ಕೊಟ್ಟೆ. ಎನ್‌ಕ್ರಿಪ್ಟ್ ಮಾಡಿದ ಡ್ರೈವ್ ಆಗಿದ್ದರೆ ಅವತ್ತೇ ಕೊರಿಯರ್ ಮಾಡಬಹುದಿತ್ತು. ಬಿಟ್‌ಲಾಕರ್ ಕೊಡುವ 48 ಅಂಕಿಯ ರಿಕವರಿ ಕೀಯನ್ನು ಕಾಗದದ ಮೇಲೆ ಬರೆದು ಕಂಪ್ಯೂಟರ್‌ನಿಂದ ದೂರ ಇಡಿ. ಅದೇ ಡ್ರೈವ್‌ನಲ್ಲಿ ಸೇವ್ ಮಾಡಿದರೆ ಬೀಗದ ಕೈಯನ್ನು ಪೆಟ್ಟಿಗೆಯೊಳಗೇ ಇಟ್ಟು ಬೀಗ ಹಾಕಿದಂತೆ.